ಇಸ್ಪೀಟು ಮುಟ್ಟದವನು

ಕದಿರೇಶನ ಚಿಕ್ಕಪ್ಪ ಚನ್ನರಾಯಪ್ಪ ಚಾಪೆಯ ಮೇಲಿದ್ದ ಇಸ್ಪೀಟು ಎಲೆಗಳನ್ನು ಬಾಚಿ ಬೀದಿಗೆ ಎಸೆದರು.

"ಥೂ, ನಾಚ್ಕೆ ಆಗಲ್ವೇನ್ರೋ? ಎದುರಿಗೆ ಹೆಣ ಇಟ್ಕೊಂಡು ಆಡ್ತೀರಲ್ಲ. ನಮ್ಮ ಕದಿರೇಶ ಒಂದಿನ ಎಲೆ ಮುಟ್ಟಿದೋನಲ್ಲ. ಅವನ್ನ ನೋಡಿ ಕಲೀರಿ."

ಆಡುತ್ತಿದ್ದ ನಾಲ್ವರು ಪಂಚೆ ಕೊಡವಿಕೊಂಡು ಎದ್ದರು. ಮದನಪಲ್ಲಿಯಿಂದ ಕದಿರೇಶನ ಅಕ್ಕ ಬರುವವರೆಗೆ ಹೆಣ ಎತ್ತುವಂತಿರಲಿಲ್ಲ. ಬಸ್ಸು ಈಗ ಮುಳಬಾಗಿಲು ದಾಟಿತ್ತು. ಹೊತ್ತು ಹೋಗಲೆಂದು ಕೂತಿದ್ದರು, ಅಷ್ಟೆ.

ಆದಿಲಕ್ಷ್ಮಿ ಸತ್ತ ಗಂಡ ಕದಿರೇಶನ ತಲೆಯ ಬಳಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ನಲವತ್ತೆರಡು ವರ್ಷದ ಗಂಡಸು. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಎರಡು ಶಿಫ್ಟು ಒಟ್ಟಿಗೆ ಮುಗಿಸಿ ಕಂಪನಿ ಬಸ್ಸಿನಲ್ಲಿ ಕೂತವನು ಊರು ಬಂದರೂ ಇಳಿದಿರಲಿಲ್ಲ. ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿ ಅತ್ತರು: ಕುಡಿತ ಬಿಟ್ಟ, ಮನೆ ಹಿಡಿದ, ದುಡಿದು ದುಡಿದೇ ಸತ್ತ. ಅವಳು ಪ್ರತಿ ಸಲವೂ ಹಲ್ಲು ಕಚ್ಚಿಕೊಂಡಳು.

*

ಮೂರು ವರ್ಷದ ಹಿಂದೆ ಅವನು ಕುಡಿತ ಬಿಟ್ಟಾಗ ಅವಳೂ ದೇವರಿಗೆ ಕಾಯಿ ಒಡೆದಿದ್ದಳು. ಸಂಜೆ ಮನೆಯಲ್ಲೇ ಇರುತ್ತಿದ್ದ. ಫೋನು ಮಾತ್ರ ಬಿಡುತ್ತಿರಲಿಲ್ಲ, ಬಚ್ಚಲಿಗೂ ಒಯ್ಯುತ್ತಿದ್ದ. ಒಂದು ಬುಧವಾರ ಕಾರಣವಿಲ್ಲದೆ ಎರಡು ಕೆಜಿ ಕೋಳಿ ತಂದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. ಗುರುವಾರ ಉಪ್ಪು ಕಡಿಮೆಯೆಂದು ಸಾರಿನ ಪಾತ್ರೆ ಒದ್ದ. ಏನಾಗಿದೆ ನಿನಗೆ ಎಂದರೆ, "ಗೇಮ್ ಕಣೇ, ಅಷ್ಟೇ. ಹೋಗಿರೋದು ಒಂದ್ಸಲ ವಾಪಸ್ ಬರ್ಲಿ, ಬಿಟ್ಬಿಡ್ತೀನಿ" ಎಂದ. ಆಮೇಲೆ ಹಾಲು ಕಡಿಮೆಯಾಯಿತೆಂದು ಹಸು ಮಾರಿದ. ಹಾಲು ಕರೆಯುತ್ತಿದ್ದವಳು ಅವಳು. ಹಾಲು ಕಡಿಮೆಯಾಗಿರಲಿಲ್ಲ.

ಅವತ್ತೇ ಚನ್ನರಾಯಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದ್ದಳು. ಅವರ ಮಾತನ್ನು ಕದಿರೇಶ ಮೀರುತ್ತಿರಲಿಲ್ಲ. ಅವರು ನಕ್ಕಿದ್ದರು. ಕುಡಿಯಲ್ಲ, ಎಲೆ ಆಡಲ್ಲ, ಕೋಳಿಪಂದ್ಯಕ್ಕೂ ಹೋಗಲ್ಲ, ಇನ್ನೆಂಥ ಗಂಡ ಬೇಕಮ್ಮ ನಿನಗೆ ಎಂದು ಕಾಫಿ ಕೊಟ್ಟು ಕಳಿಸಿದ್ದರು.

*

ಪಕ್ಕದಲ್ಲಿದ್ದ ಓರಗಿತ್ತಿ ಧನಶ್ರೀ ಕಣ್ಣೊರೆಸಿಕೊಂಡಳು.

"ನಮ್ಮೋರೂ ಭಾವನ ಥರಾನೇ ಅಕ್ಕ. ಅಲ್ಲಿ ಎಲೆ ಹಾಕಿದ್ದೇ ತಡ, ಎದ್ದು ಕೊಟ್ಟಿಗೆ ಹಿಂದಕ್ಕೆ ಹೋದ್ರು. ಈಗ ಅವರೂ ಡಬಲ್ ಶಿಫ್ಟು. ಮೊನ್ನೆ ಸುಮ್ಸುಮ್ನೆ ನಂಗೊಂದು ಸೀರೆ ತಂದ್ರು."

ಆದಿಲಕ್ಷ್ಮಿ ಅವಳ ಮುಖ ನೋಡಿದಳು. "ಮಾರ್ನೇ ದಿನ ಏನಕ್ಕೆ ರೇಗಿದ?"

ಧನಶ್ರೀ ಬೆಚ್ಚಿದಳು. "ನಿಮ್ಗ್ಯಾರು ಹೇಳಿದ್ರು?"

ಅಷ್ಟರಲ್ಲಿ ಅವಳ ಗಂಡ ನಂದೀಶ ಕೊಟ್ಟಿಗೆ ಹಿಂದಿನಿಂದ ಬಂದ. ಗಂಡುಮಗನಿಲ್ಲದ ಅಣ್ಣನಿಗೆ ಬೆಂಕಿ ಇಡಬೇಕಾದವನು ಅವನೇ. ಆದಿಲಕ್ಷ್ಮಿ ಎದ್ದು ಅವನ ಮುಂದೆ ಕೈ ಚಾಚಿದಳು.

"ಫೋನ್ ಕೊಡು. ಆಮೇಲೆ ಬೆಂಕಿ ಮಡಕೆ ಹಿಡಿ."

"ಡ್ಯೂಟಿ ಕಾಲ್ ಬರುತ್ತೆ ಅತ್ತಿಗೆ."

"ನಿಮ್ಮಣ್ಣನೂ ಇದ್ನೇ ಹೇಳ್ತಿದ್ದ." ಅವಳು ಅಂಗಳದ ಕಡೆ ತಿರುಗಿದಳು. "ಇವನು ದುಡಿದು ಸತ್ತಿಲ್ಲ, ಕೇಳ್ಕಳ್ರಿ ಎಲ್ರೂ. ಫೋನಲ್ಲಿ ಜೂಜಾಡ್ದ. ಕಳ್ಕೊಂಡಿದ್ದನ್ನ ತುಂಬೋಕೆ ಹಗಲೂ ರಾತ್ರಿ ಮಿಷಿನ್ ಮುಂದೆ ನಿಂತು ಸತ್ತ. ನಿಮ್ಗೆ ಹೇಳಿದ್ದೆ ಮಾವ. ನೀವು ನಕ್ರಿ."

ಚನ್ನರಾಯಪ್ಪನವರ ಮುಖ ಕಪ್ಪಿಟ್ಟಿತು. "ಊರ್ಕೋಮ್ಮಾ, ಸುಮ್ನಿರು. ಸತ್ತೋನ ಮೇಲೆ ಕೆಸರು ಹಾಕ್ಬೇಡ."

ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಯಾರೋ ಗೊಣಗಿದರು. ತನ್ನ ಗಂಡನನ್ನೂ ಆ ಸಾಲಿಗೆ ಸೇರಿಸಿದಳಲ್ಲ ಎಂದು ಧನಶ್ರೀ ಮುಖ ತಿರುಗಿಸಿ, ದೂರ ಹೋಗಿ ಬೇರೆ ಹೆಂಗಸರ ನಡುವೆ ಕೂತಳು.

ಮದನಪಲ್ಲಿಯ ಅಕ್ಕ ಬಂದಿಳಿದಳು. ಅವಳ ಅಳು ಮುಗಿಯುವ ಮೊದಲೇ ತಮಟೆ ಶುರುವಾಯಿತು. ಬೆಂಕಿ ಮಡಕೆ ಹಿಡಿಯುವವನು ಒದ್ದೆ ಬಟ್ಟೆಯಲ್ಲಿರಬೇಕು. ನಂದೀಶನನ್ನು ನೀರಿನ ತೊಟ್ಟಿಯ ಬಳಿ ಕೂರಿಸಿ ಇಬ್ಬರು ತಲೆಯ ಮೇಲೆ ಬಿಂದಿಗೆಯಲ್ಲಿ ನೀರು ಸುರಿದರು. ಅವನು ಕಣ್ಣು ಮುಚ್ಚಿ ಬಾಯಲ್ಲಿ ಉಸಿರೆಳೆಯುತ್ತಿದ್ದ. ಮೈಯೆಲ್ಲ ತೊಯ್ದು ಪಂಚೆ ಅಂಟಿಕೊಂಡಿತ್ತು. ಬಲಗೈ ಮಾತ್ರ ನೀರು ತಾಗದಂತೆ ಮೇಲೆದ್ದಿತ್ತು, ಫೋನು ಹಿಡಿದುಕೊಂಡು.

ಧನಶ್ರೀ ಹೆಂಗಸರ ನಡುವೆ ಎದ್ದು ನಿಂತು ಆ ಕೈಯನ್ನೇ ನೋಡುತ್ತಿದ್ದಳು. ಮೂರನೆಯ ಬಿಂದಿಗೆ ಎತ್ತಿದಾಗ ಅದು ಇನ್ನೊಂದು ಗೇಣು ಮೇಲಕ್ಕೆ ಹೋಯಿತು.