ಹಿಟ್ಟಿನಲ್ಲಿ ಬರೆದ ಅಕ್ಷರ

ಪಂಕಜಾ ಸೀಮೆಸುಣ್ಣ ಒತ್ತಿ ಹಿಡಿದು ಗಿರಣಿಯ ಮುಚ್ಚಿದ ಬಾಗಿಲ ಮೇಲೆ ‘ಇಂದು ಗಿರಣಿ ಇಲ್ಲ’ ಎಂದು ಬರೆಯುತ್ತಿದ್ದಳು. ಹಲಗೆಯ ಸಂದುಗಳನ್ನೇ ಗೆರೆ ಮಾಡಿಕೊಂಡು ಬರೆದದ್ದರಿಂದ ಒಂದು ಅಕ್ಷರವೂ ಮೇಲೆ ಕೆಳಗೆ ಆಗಿರಲಿಲ್ಲ. ರಾಜಾಜಿನಗರದ ಸ್ಕೂಲಿನಲ್ಲಿ ಮಕ್ಕಳಿಗೆ ಕಾಪಿ ಬರೆಸುವ ಟೀಚರ್ ಅವಳು. ಸಾವಿನ ಮನೆಯಾದರೇನು, ಅಕ್ಷರ ಸೊಟ್ಟಗಾದರೆ ಅವಳು ಸಹಿಸುವುದಿಲ್ಲ.

ರಾಗಿ ಡಬ್ಬ ಹೊತ್ತು ಬಂದ ಹೆಂಗಸೊಬ್ಬಳು ನಿಂತಳು.

“ಯಾಕಮ್ಮ, ಕರೆಂಟ್ ಇಲ್ವಾ?”

“ನಮ್ಮಕ್ಕ ಹೋಗ್ಬಿಟ್ರು. ವಿಮಲಮ್ಮ. ಬೆಳಗಿನ ಜಾವ ಎದೆ ನೋವು ಅಂತ ಕೂತೋರು ಏಳಲಿಲ್ಲ.”

“ಅಯ್ಯೋ ಶಿವನೇ! ನೆನ್ನೆ ಸಾಯಂಕಾಲ ಹಿಟ್ಟು ಜರಡಿ ಹಿಡಿದು ಕೊಟ್ರಲ್ಲಮ್ಮ!” ಹೆಂಗಸು ಡಬ್ಬ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಗಿಲನ್ನು ನೋಡಿದಳು. “ಬರಹ ಬೇರೆ ತರ ಇದೆಯಲ್ಲ ಅನ್ಕೊಂಡೆ. ಅವರದ್ದು ಗುಂಡಗೆ ಇರ್ತಿತ್ತು. ನಂಗೆ ಓದೋಕೆ ಬರಲ್ಲ, ಆದ್ರೂ ನೋಡೋಕೆ ಚೆಂದ.”

ನೋಡೋಕೆ ಚೆಂದ! ಪಂಕಜಳ ಮೈ ಉರಿದುಹೋಯಿತು. ಡಬ್ಬದ ಮೇಲೆ ಗಿರಾಕಿಗಳ ಹೆಸರು ಗೀಚುತ್ತಿದ್ದ ನಾಲ್ಕನೇ ಕ್ಲಾಸು ಓದಿದವಳ ಕೈಬರಹ ನೋಡೋಕೆ ಚೆಂದವಂತೆ. ಸತ್ತ ಮೇಲೂ ಅವಳದೇ ಮೆರವಣಿಗೆ. ಪಂಕಜಾ ಕೈ ಕೊಡವಿಕೊಂಡು ಒಳಗೆ ಹೋದಳು.

ನಡುಮನೆಯಲ್ಲಿ ವಾರಗಿತ್ತಿ ವಿಮಲಮ್ಮನನ್ನು ಮಲಗಿಸಿದ್ದರು. ಮುತ್ತೈದೆ ಸಾವು, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಅತ್ತೆ ಅಕ್ಕಯ್ಯಮ್ಮ ಕಾಲ ಹತ್ತಿರ ಕೂತು ಒಂದೇ ಸಮನೆ ಅಳುತ್ತಿದ್ದಳು. ವಿಮಲಮ್ಮನ ಗಂಡ ಕೃಷ್ಣಪ್ಪ ಗೋಡೆಗೊರಗಿ ನಿಂತಿದ್ದ. ಅವನಿಗೆ ಇನ್ನೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತಲೆಯ ಹತ್ತಿರ, ಸತ್ತವಳ ಎರಡು ಗಂಡುಮಕ್ಕಳಿಗಿಂತ ಮುಂದೆ, ಕೂತಿದ್ದವಳು ಪುಟ್ಟಲಕ್ಷ್ಮಿ. ಪಂಕಜಳ ಒಬ್ಬಳೇ ಮಗಳು.

“ಪುಟ್ಟಿ, ಏಳು. ಒಂದು ಲೋಟ ಕಾಫಿ ಕುಡಿ, ಮೈ ಸರಿ ಇಲ್ಲದವಳು.”

“ನೀನು ಕುಡಿಯಮ್ಮ. ನಾನಿಲ್ಲೇ ಇರ್ತೀನಿ.”

“ಹೆತ್ತವಳನ್ನ ಕಳ್ಕೊಂಡ ಹಂಗೆ ಕೂತೈತೆ ನೋಡ್ರೇ ಮಗು,” ಎಂದು ಯಾರೋ ಹಿಂದಿನಿಂದ ಅಂದರು.

ಹೆತ್ತವಳು ಇಲ್ಲೇ ನಿಂತಿದ್ದಾಳೆ ಕಣ್ರೇ, ಗಟ್ಟಿಮುಟ್ಟಾಗಿ! ಪಂಕಜಳ ನಾಲಿಗೆ ತುದಿಗೆ ಬಂತು.

* * *

ಪುಟ್ಟಲಕ್ಷ್ಮಿಗೆ ಐದು ತುಂಬಿ ಆರಕ್ಕೆ ಬಿದ್ದಾಗ ಜ್ವರ ಬಂದು ಕೀಲುಕೀಲೆಲ್ಲ ಊದಿಕೊಂಡವು. ಹೃದಯಕ್ಕೂ ಪೆಟ್ಟಾಗಿದೆ, ಎರಡು ವರ್ಷ ಸ್ಕೂಲಿನ ಸುದ್ದಿ ಬೇಡ, ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಪಂಕಜಾ ಮೂಡಲಪಾಳ್ಯದಿಂದ ವಿಜಯನಗರದವರೆಗೆ ನಡೆದು ಬಸ್ಸು ಹಿಡಿಯಬೇಕು, ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಬೇಕು. ಸ್ವಂತ ಮಗಳನ್ನು ವಾರಗಿತ್ತಿಯ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಹೋಗುವಾಗ ಎರಡು ಗೆರೆಯ ಕಾಪಿ ಪುಸ್ತಕ ಕೊಟ್ಟು, “ಅಕ್ಕ, ದಿನಾ ಒಂದು ಪುಟ ಬರೆಸಿ. ಗೆರೆ ಇಲ್ಲದೆ ಅಕ್ಷರ ಕೂರಲ್ಲ,” ಎಂದು ಹೇಳುತ್ತಿದ್ದಳು.

ಒಂದು ದಿನ ಬೇಗ ಬಿಟ್ಟರೆಂದು ಮಧ್ಯಾಹ್ನವೇ ಬಂದಳು. ಗಿರಣಿಯ ಮೂಲೆಯಲ್ಲಿ ಮೊರದ ತುಂಬ ಅಕ್ಕಿ ಹಿಟ್ಟು ಹರಡಿತ್ತು. ವಿಮಲಮ್ಮನ ತೊಡೆ ಮೇಲೆ ಪುಟ್ಟಿ. ಇಬ್ಬರ ಬೆರಳೂ ಹಿಟ್ಟಿನಲ್ಲಿ.

“ಇದೇನಕ್ಕ ಇದು? ಕಾಪಿ ಪುಸ್ತಕ ಎಲ್ಲಿ?”

“ಪೆನ್ಸಿಲ್ ಹಿಡಿದ್ರೆ ಗೆಣ್ಣು ನೋಯುತ್ತೆ ಅಂತ ಅಳುತ್ತೆ ಕಣೇ. ಹಿಟ್ಟು ಮೆತ್ತಗೈತೆ. ಕೈಗೆ ಶಕ್ತಿ ಬರಲಿ, ಆಮೇಲೆ ನಿನ್ನ ಪುಸ್ತಕ.”

“ಅದೂ ‘ರ’ ಇಂದ ಶುರು ಮಾಡ್ಸಿದೀರ! ಯಾರಾದ್ರೂ ‘ಅ’ ಬಿಟ್ಟು ‘ರ’ ಕಲಿಸ್ತಾರಾ?”

“ಸೊನ್ನೆ ಸುತ್ತೋದು ಸುಲಭ. ತಲೆ ಮೇಲೊಂದು ಗೀಟು ಎಳೆದ್ರೆ ಆಯ್ತು. ಬರೆದೆ ಅಂತ ಮಗೂಗೂ ಖುಷಿ,” ಎಂದು ವಿಮಲಮ್ಮ ನಕ್ಕಳು. ಪುಟ್ಟಿಯೂ ನಕ್ಕಿತು. ಕಾಯಿಲೆ ಬಿದ್ದ ಮೇಲೆ ಮಗು ಹಾಗೆ ನಕ್ಕಿದ್ದನ್ನು ಪಂಕಜಾ ನೋಡಿರಲಿಲ್ಲ. ಸಂತೋಷಪಡಬೇಕಾಗಿತ್ತು. ಆಗಲಿಲ್ಲ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ವಿಮಲಮ್ಮ ಸೊನ್ನೆಯನ್ನು ಬೀಸುವ ಕಲ್ಲು ತಿರುಗಿಸಿದ ಹಾಗೆ ಉಲ್ಟಾ ಸುತ್ತುತ್ತಿದ್ದಳು. ಮಗುವೂ ಹಾಗೇ ಸುತ್ತಿತು.

ಎರಡು ಗಂಡು ಹೆತ್ತವಳಿಗೆ ನನ್ನ ಒಂದು ಹೆಣ್ಣೂ ಬೇಕಾಗಿತ್ತೇ ಎಂದು ಪಂಕಜಾ ಅವತ್ತು ರಾತ್ರಿ ಗಂಡನ ಹತ್ತಿರ ಗೊಣಗಿದಳು. ಅವನು ಮಗ್ಗುಲು ಬದಲಿಸಿ ಮಲಗಿದ.

* * *

ಎರಡು ವರ್ಷ ಕಳೆದು ಪುಟ್ಟಿ ಪಂಕಜಳ ಸ್ಕೂಲಿಗೇ ಸೇರಿದಾಗ ಹೆಡ್ ಮಿಸ್ಸು ಅವಳ ಸ್ಲೇಟು ಎತ್ತಿಕೊಂಡು ಸ್ಟಾಫ್ ರೂಮಿಗೇ ಬಂದರು.

“ಏನ್ ಮುದ್ದಾಗಿ ಬರೀತಾಳ್ರೀ ನಿಮ್ಮ ಮಗಳು! ಯಾರು ಕಲಿಸಿದ್ದು ಅಂತ ಕೇಳೋದೇನಿದೆ ಬಿಡಿ. ಅಮ್ಮನೇ ಕಾಪಿ ಟೀಚರ್!”

ಪಂಕಜಾ ನಕ್ಕಳು. ಅಲ್ಲ ಎನ್ನಲಿಲ್ಲ. ಅವತ್ತು ಸಂಜೆಯೇ ಮಗಳನ್ನು ಕೂರಿಸಿಕೊಂಡು ಕಾಪಿ ಪುಸ್ತಕ ತೆರೆದಳು. ಗೆರೆ ಮುಟ್ಟಬೇಕು, ದಾಟಬಾರದು. ದಾಟಿದರೆ ಗೆಣ್ಣಿಗೆ ರೂಲುದೊಣ್ಣೆ.

“ಚೆನ್ನಾಗೇ ಇತ್ತಲ್ಲೇ ಪಂಕಜಾ,” ಎಂದಳು ವಿಮಲಮ್ಮ, ಗಿರಣಿ ಬಾಗಿಲಲ್ಲಿ ನಿಂತು. “ಗೆಣ್ಣಿಗೆ ಮಾತ್ರ ಹೊಡೀಬೇಡ ಕಣೇ.”

“ನೀವು ಡಬ್ಬದ ಮೇಲೆ ಹೆಸರು ಬರೆಯೋರು ಅಕ್ಕ. ಅವಳು ಪರೀಕ್ಷೆ ಬರೀಬೇಕು. ನನ್ನ ಮಗಳು, ನಾನು ನೋಡ್ಕೋತೀನಿ.”

ವಿಮಲಮ್ಮ ಕೈಯ ಹಿಟ್ಟು ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ಅವಳು ಪುಟ್ಟಿಯ ಓದು ಬರಹದ ಮಾತೇ ಎತ್ತಲಿಲ್ಲ. ಪುಟ್ಟಿಯ ಅಕ್ಷರ ವರ್ಷದೊಳಗೆ ಅಮ್ಮನ ಅಕ್ಷರದ ಹಾಗೇ ನೆಟ್ಟಗಾಯಿತು, ಪರೀಕ್ಷೆಯಲ್ಲಿ ಬೇಗ ಬೇಗ ಬರೆದು ಮುಗಿಸುವುದೂ ಬಂತು. ಗೆದ್ದೆ ಅಂದುಕೊಂಡಳು ಪಂಕಜಾ. ಸೊನ್ನೆ ಬಂದ ಕಡೆ ಮಾತ್ರ ಮಗಳ ಕೈ ಉಲ್ಟಾ ಸುತ್ತುತ್ತಿತ್ತು. ಬರೆದಾದ ಮೇಲೆ ಯಾರಿಗೂ ತಿಳಿಯದು. ಪಕ್ಕದಲ್ಲಿ ಕೂತು ನೋಡುವ ಪಂಕಜಳಿಗೆ ತಿಳಿಯುತ್ತಿತ್ತು, ಹೊಡೆದರೂ ಅದು ಹೋಗಲಿಲ್ಲ.

* * *

ಬಿಸಿಲೇರುವ ಮೊದಲೇ ಹೆಣ ಎತ್ತಿದರು. ಅಕ್ಕಯ್ಯಮ್ಮ ಕೂಡ ಅಳುತ್ತಾ ಹಿಂದೆ ಹೊರಟಳು.

“ಪಂಕಜಾ, ನೀನು ಮನೆ ತೊಳೆದು, ತಲೆ ಇಟ್ಟಿದ್ದ ಜಾಗದಾಗೆ ಹಿಟ್ಟು ಹರಡು. ದೀಪ ಹಚ್ಚು, ಮಂಕರಿ ಮುಚ್ಚು. ನಾವು ಬಂದು ಎತ್ತಿ ನೋಡ್ತೀವಿ. ಹೋದೋಳು ಏನಾದ್ರೂ ಗುರುತು ಬಿಟ್ಟಿರ್ತಾಳೆ. ಹಕ್ಕಿ ಕಾಲೋ, ಹಸುವಿನ ಗೊರಸೋ.”

ಪುಟ್ಟಿಗೆ ಬಿಸಿಲು ಆಗದೆಂದು ಮನೆಯಲ್ಲೇ ಬಿಟ್ಟರು. ಪಂಕಜಾ ನೆಲ ತೊಳೆದು ಒರೆಸಿ, ಅಕ್ಕಿ ಹಿಟ್ಟನ್ನು ಜರಡಿ ಹಿಡಿದು ನುಣ್ಣಗೆ ಹರಡಿ, ಪಕ್ಕದಲ್ಲಿ ದೀಪ ಹಚ್ಚಿ, ಹಿಟ್ಟಿನ ಮೇಲೆ ಬಿದಿರಿನ ಮಂಕರಿ ಮುಚ್ಚಿದಳು. ಕೈಕಾಲು ತೊಳೆದು ಬರಲು ಹಿತ್ತಲಿಗೆ ಹೋದಳು.

ವಾಪಸ್ಸು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಪುಟ್ಟಿ ಮಂಕರಿ ಸರಿಸಿ ಹಿಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳಿನಿಂದ ನಿಧಾನಕ್ಕೆ ಸೊನ್ನೆ ಸುತ್ತಿದಳು, ಉಲ್ಟಾ. ತಲೆ ಮೇಲೊಂದು ಗೀಟು ಎಳೆದಳು. ಮಂಕರಿ ಮುಚ್ಚಿ, ಹಿಂದೆ ನೋಡದೆ ಬೀದಿ ಜಗುಲಿಗೆ ಹೋದಳು.

ಪಂಕಜಾ ಬಂದು ಮಂಕರಿ ಎತ್ತಿದಳು. ಗುಂಡನೆಯ ‘ರ’. ಅತ್ತೆಗೆ ಓದು ಬರದು, ಬಳೆ ಅಂದುಕೊಳ್ಳುತ್ತಾಳೆ. ಮುತ್ತೈದೆ ಬಳೆ ಗುರುತು ಬಿಟ್ಟು ಹೋದಳು ಅಂತ ಊರೆಲ್ಲ ಸಾರುತ್ತಾಳೆ. ವರ್ಷವರ್ಷ ಎಡೆ ಇಡುವಾಗಲೂ ಅದೇ ಕತೆ. ಇಷ್ಟು ವರ್ಷ ನಾನು ತಿದ್ದಿಸಿದ್ದಕ್ಕೆ ಬೆಲೆಯೇ ಇಲ್ಲವೇ? ನಾಳೆ ನಾನು ಸತ್ತರೆ ಇವಳು ನನಗೇನು ಬರೆದಾಳು?

ಅಂಗೈಯಿಂದ ಒಂದೇ ಸಲ ಸವರಿಬಿಟ್ಟಳು. ಮೇಲೆ ಇಷ್ಟು ಹಿಟ್ಟು ಉದುರಿಸಿ ಸಮ ಮಾಡಿದಳು. ಹೊರಗೆ ಜನ ಬಂದ ಸದ್ದಾಯಿತು. ಮಂಕರಿ ಮುಚ್ಚಿ ಎದ್ದಳು.

ಎಲ್ಲರೂ ಕಾಲು ತೊಳೆದು ಬಂದು ದೀಪಕ್ಕೆ ಕೈ ಮುಗಿದರು. ಪುಟ್ಟಿ ದೊಡ್ಡಪ್ಪ ಕೃಷ್ಣಪ್ಪನ ಪಕ್ಕ ನಿಂತಿದ್ದಳು. ಅಕ್ಕಯ್ಯಮ್ಮ ಮಂಕರಿ ಎತ್ತಿದಳು, ಬಗ್ಗಿ ಬಗ್ಗಿ ನೋಡಿದಳು.

“ಒಂದು ಇರುವೆ ಓಡಾಡಿದ ಗುರುತೂ ಇಲ್ವಲ್ಲೋ ಕೃಷ್ಣ! ಈ ಮನೆಗೆ ಜೀವ ತೇದೋಳು ಏನೂ ಬಿಡದೇ ಹೋದ್ಲೇನೋ!”

ಬೆಳಗಿನಿಂದ ಕಲ್ಲಾಗಿ ನಿಂತಿದ್ದ ಕೃಷ್ಣಪ್ಪ ಅಲ್ಲೇ ಕುಸಿದು, “ನನ್ನ ಮೇಲೆ ಏನು ಕೋಪಾನೇ ನಿಂಗೆ,” ಎಂದು ಚಿಕ್ಕ ಮಕ್ಕಳ ಹಾಗೆ ಅತ್ತ.

ಪುಟ್ಟಲಕ್ಷ್ಮಿ ಅಳಲಿಲ್ಲ. ಹಿಟ್ಟನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು, ಮುಖವನ್ನಲ್ಲ. ಪಂಕಜಾ ತಲೆ ತಗ್ಗಿಸಿ ಅವಳು ನೋಡಿದ್ದನ್ನೇ ನೋಡಿದಳು. ಬಲಗೈ ಮಣಿಕಟ್ಟಿನವರೆಗೂ ಬೆಳ್ಳಗಿತ್ತು.

“ಪುಟ್ಟಿ,” ಎಂದಳು ಪಂಕಜಾ. “ಬಾ, ಕೈ ತೊಳ್ಕೊಳ್ಳುವಂತೆ.”

“ನೀನು ತೊಳ್ಕೋಮ್ಮ.”

ಪಂಕಜಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಪುಟ್ಟಲಕ್ಷ್ಮಿ ಹಿಟ್ಟು ಮೆತ್ತಿದ ತನ್ನ ಒಂದು ಬೆರಳನ್ನು ಎಲ್ಲೂ ತಾಕದ ಹಾಗೆ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ದೊಡ್ಡಪ್ಪನ ಬೆನ್ನು ಸವರುತ್ತಾ ಕೂತಳು.