ಐದು, ಹತ್ತು, ಹದಿನೈದು

ತೆಲುಗು ನಾಡಿನ ತಾರ್ನಾಕದ ಒಂದು ಪದವಿ ಕಾಲೇಜಿನಲ್ಲಿ ದಾನೇಶ್ವರಿ ಹನ್ನೊಂದು ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ರವಿಕೆ ಬಟ್ಟೆ ಕೊಳ್ಳಲು ಸುಲ್ತಾನ್ ಬಜಾರಿಗೆ ಹೋದಾಗ ಹಳೆಯ ವಿದ್ಯಾರ್ಥಿನಿ ಪಿಂಕಿ ಸಿಕ್ಕಳು. ಆ ಬಟ್ಟೆ ಅಂಗಡಿ ಕಲಬುರಗಿ ಕಡೆಯವರದು, ಅವಳು ಆ ಮನೆಯ ಮಗಳು. ತನ್ನ ತರಗತಿಗೆ ಅವಳೇ ಮೊದಲಿಗಳಾಗಿದ್ದವಳು. ಕಲಿತದ್ದರಲ್ಲಿ ಈಗೇನು ನೆನಪಿದೆ ಎಂದು ದಾನೇಶ್ವರಿ ಸುಮ್ಮನೆ ಕೇಳಿದಳು.

“ಸೂತ್ರ ಎಲ್ಲಾ ಮರ್ತೀನ್ರಿ ಮೇಡಂ,” ಎಂದಳು ಪಿಂಕಿ ನಾಚುತ್ತ. “ಒಂದಿನ ಕರೆಂಟ್ ಹೋದಾಗ ನಮ್ಮನ್ನ ಬಸ್ ಸ್ಟಾಪಿನ್ಯಾಗ ನಿಂದ್ರಿಸಿ ಬಸ್ ಎಣಿಸಾಕ ಹಚ್ಚಿದ್ರಿ ನೋಡ್ರಿ, ಅದು ಮಾತ್ರ ನೆನಪೈತಿ.”

ಅದು ಪಾಠವೇ ಆಗಿರಲಿಲ್ಲ, ಹೊತ್ತು ಕಳೆಯಲು ಮಾಡಿದ ಕೆಲಸ. ಉಳಿಯಬೇಕಾದದ್ದು ಹೋಗಿ ಅದೊಂದೇ ಏಕೆ ಉಳಿಯಿತು? ಈ ಪ್ರಶ್ನೆ ದಾನೇಶ್ವರಿಯನ್ನು ವಾರವಿಡೀ ಬಿಡಲಿಲ್ಲ. ಕೊನೆಗೆ ಪಠ್ಯಕ್ರಮವನ್ನು ಬದಿಗಿಟ್ಟು, ಕಾಲೇಜು ಬಿಟ್ಟು ಎರಡು ವರ್ಷವಾದ ಮೇಲೂ ಹುಡುಗರಿಗೆ ಏನು ಮಾಡಲು ಬರಬೇಕು ಎಂದು ಬರೆಯತೊಡಗಿದಳು. ಮೂರೇ ಸಾಲು ಬಂದವು: ಕಣ್ಣೆದುರಿನದನ್ನು ಎಣಿಸಿ ಬರೆಯುವುದು, ಬರೆದದ್ದನ್ನು ಹೋಲಿಸುವುದು, ಅದರಿಂದ ಎಷ್ಟು ಹೇಳಬಹುದೆಂದು ತಿಳಿಯುವುದು. ಆ ಮೂರಕ್ಕೆ ಬೇಡವಾದ ಅಧ್ಯಾಯಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು.

ವಿಭಾಗದ ಮುಖ್ಯಸ್ಥ ಶಾಂತಪ್ಪ ಬೀದರಿನವರು. ಇಬ್ಬರೇ ಇದ್ದಾಗ ಅವರ ಮಾತು ಕನ್ನಡದಲ್ಲೇ. ಪಟ್ಟಿ ನೋಡಿ ಅವರ ಮುಖ ಗಂಭೀರವಾಯಿತು. ಇಷ್ಟು ಕಡಿಮೆ ಮಾಡಿದರೆ ಪರೀಕ್ಷೆಯ ಗತಿಯೇನು ಎಂದರು. ಐಚ್ಛಿಕ ವಿಷಯವಾದ್ದರಿಂದ ಕಡೆಗೆ ಒಂದು ತರಗತಿಯಲ್ಲಿ ಮಾತ್ರ ಮಾಡಿ ನೋಡಲು ಒಪ್ಪಿದರು.

ತರಗತಿ ಶುರುವಾದ ಮೂರನೇ ವಾರ ಮೂವತ್ತೆರಡು ವಿದ್ಯಾರ್ಥಿಗಳನ್ನು ಲಿಂಗಂಪಲ್ಲಿ ಸ್ಟೇಷನ್ನಿಗೆ ಕಳಿಸಿದಳು. ಲೋಕಲ್ ರೈಲುಗಳು ಎಷ್ಟು ನಿಮಿಷ ತಡವಾಗಿ ಬರುತ್ತವೆ ಎಂದು ಬರೆದು ತರಬೇಕಿತ್ತು. ತಂದ ಅಂಕಿಗಳನ್ನು ಬೋರ್ಡಿನ ಮೇಲೆ ಏರಿಸುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಐದು, ಹತ್ತು, ಹದಿನೈದು, ಮತ್ತೆ ಐದು. ಏಳು ನಿಮಿಷ ತಡವಾದ ರೈಲು ಒಂದೂ ಇರಲಿಲ್ಲ.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇಲ್ಲೇನೋ ವಿಚಿತ್ರ ಇದೆ, ಹುಡುಕಿ ಎಂದಷ್ಟೇ ಹೇಳಿ ಕುಳಿತಳು. ಹುಡುಗರು ಬೋರ್ಡಿನ ಅಂಕಿಗಳನ್ನು ತಮ್ಮ ಹಾಳೆಗಳೊಂದಿಗೆ ಹೋಲಿಸಿ ನೋಡತೊಡಗಿದರು. ಆಮೇಲೆ ಸಾಯಿಕುಮಾರ ಎಂಬ ಹುಡುಗ ಎದ್ದು, ತಾನು ಸ್ಟೇಷನ್ನಿಗೆ ಹೋಗಲೇ ಇಲ್ಲ, ಮನೆಯಲ್ಲೇ ಬರೆದೆ ಎಂದು ತೆಲುಗಿನಲ್ಲಿ ಒಪ್ಪಿಕೊಂಡ. ಇನ್ನೊಬ್ಬಳು, ತಾನು ನಿಜವಾಗಿ ನಿಂತು ನೋಡಿದ್ದೆ, ಬರೆಯುವಾಗ ಹತ್ತಿರದ ಐದಕ್ಕೋ ಹತ್ತಕ್ಕೋ ದುಂಡಾಗಿಸಿದೆ ಎಂದಳು. ಹಾಗಾದರೆ ಸುಳ್ಳು ಅಂಕಿಯನ್ನೂ ದುಂಡಾಗಿಸಿದ ಅಂಕಿಯನ್ನೂ ಬೇರೆ ಮಾಡುವುದು ಹೇಗೆ ಎಂದು ದಾನೇಶ್ವರಿ ಕೇಳಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ, ಸಾಯಿಕುಮಾರನೂ ಸೇರಿ, ಮತ್ತೆ ಸ್ಟೇಷನ್ನಿಗೆ ಹೋದರು. ದಾನೇಶ್ವರಿಯ ಯೋಜನೆಯಲ್ಲಿ ಈ ಪಾಠವೇ ಇರಲಿಲ್ಲ. ಅಂದು ಸಂಜೆ ಅದಕ್ಕಾಗಿ ಎರಡು ವಾರ ತೆಗೆದಿಟ್ಟಳು.

ಪರೀಕ್ಷೆಯಲ್ಲಿ ಆ ತರಗತಿಯ ಅಂಕಗಳು ಉಳಿದವರಿಗಿಂತ ಹೆಚ್ಚೇನೂ ಬರಲಿಲ್ಲ, ಕಡಿಮೆಯೂ ಆಗಲಿಲ್ಲ. ಅದನ್ನೂ, ಆ ದಿನ ಯಾರೂ ಏಳದೆ ಕುಳಿತದ್ದನ್ನೂ ಶಾಂತಪ್ಪನವರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಹುಡುಗರ ವರದಿಗಳನ್ನು ಮನೆಗೆ ಒಯ್ದಿದ್ದರು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ಲಿನಿಂದ ಪ್ರಶ್ನೆಗಳನ್ನು ಬರೆದಿದ್ದರು.

“ಮುಂದಿನ ಸಲ ಇನ್ನೊಂದು ಕ್ಲಾಸ್ ನಾ ಹಿಂಗ ತಗೋತೀನ್ರಿ,” ಎಂದರು. “ಇಪ್ಪತ್ತಾರು ವರ್ಷ ಕಲಿಸೀನಿ. ಹುಡುಗ್ರು ಗಂಟಿ ಹೊಡದ್ರೂ ಕುಂತದ್ದು ನನ್ನ ಕ್ಲಾಸಿನ್ಯಾಗ ನಾ ಒಮ್ಮೆನೂ ನೋಡಿಲ್ಲ.”