ಅಪ್ಪನ ಎಡೆಗೆ ಹೆಂಡ ಯಾಕೆ?

"ಕೊಪ್ಪರಿಗೆ ತಾವ ಬರ್ಬ್ಯಾಡ ಕಣ್ಲಾ ಹುಚ್ಚೀರ! ನಿನ್ ಬಾಯ್ ನಾತಕ್ಕೆ ಪಾಕಾನೇ ಹುಳಿ ಆಯ್ತದೆ. ಓಗು, ಈಚಲ ಮರದ ಬುಡ್ದಲ್ಲಿ ಬಿದ್ಕೋ ಓಗು!"

ಆಲೆಮನೆಯ ಯಜಮಾನ ಲಿಂಗಯ್ಯ ಹೀಗೆ ಕೂಗಿದಾಗ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು, ಒಲೆಗೆ ಸಿಪ್ಪೆ ನೂಕುತ್ತಿದ್ದವರು, ಎಲ್ಲರೂ ಹಲ್ಲು ಕಿರಿದರು. ಹುಚ್ಚೀರಯ್ಯ ಪಾಕ ನೋಡುವುದರಲ್ಲಿ ಮಳವಳ್ಳಿ ಸೀಮೆಗೇ ಹೆಸರಾದವನು. ಬೆಲ್ಲದ ಹದವನ್ನು ಬೆರಳ ತುದಿಯಲ್ಲೇ ಹೇಳುತ್ತಿದ್ದ. ಈಗ ಬೆಳಿಗ್ಗೆ ಹೆಂಡ ಬೀಳದಿದ್ದರೆ ಆ ಬೆರಳೇ ನಿಲ್ಲುವುದಿಲ್ಲ. ಹೆಂಡತಿ ಚಿಕ್ಕಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ಪೂರಿಗಾಲಿಯ ತವರು ಸೇರಿದ್ದಳು. "ಕುಡಿಯೋದು ಬುಟ್ರೆ ಏಳಿ ಕಳ್ಸು, ಬತ್ತೀನಿ. ಇಲ್ದಿದ್ರೆ ನನ್ ಮಗ್ಳಿಗೆ ಅಪ್ಪ ಇಲ್ಲ ಅನ್ಕತೀನಿ" ಎಂದು ಹೇಳಿಯೇ ಹೋಗಿದ್ದಳು.

ಹುಚ್ಚೀರಯ್ಯ ತಲೆ ತಗ್ಗಿಸಿ ಹೆಂಡದಂಗಡಿಯ ಕಡೆ ಹೊರಟ. ಅಂಗಡಿಗೆ ತಿರುಗುವ ಮೂಲೆಯಲ್ಲಿ ಕಲಾಯಿ ಕರೀಮನ ಕುಲುಮೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಈ ಕರೀಂ ಒಂದು ಕಾಲಕ್ಕೆ ಹುಚ್ಚೀರಯ್ಯನ ಜೊತೆಗೇ ಮೋರಿಯಲ್ಲಿ ಉರುಳಿದವನು.

"ಬಾ ಹುಚ್ಚೀರಣ್ಣ, ಬೆಂಕಿಗೆ ಗಾಳಿ ಸಾಲ್ದು, ಒಸಿ ತಿದಿ ಒತ್ತು."

"ಕೈ ನಡುಗ್ತದೆ ಕಣಯ್ಯ."

"ತಿದಿಗೆ ನಡುಗೋ ಕೈಯೂ ಆಯ್ತದೆ. ಒತ್ತು."

ಹೊತ್ತು ಇಳಿದಂತೆ ಒಬ್ಬೊಬ್ಬರೇ ಬಂದು ಬೆಂಕಿಯ ಸುತ್ತ ಕೂತರು. ಎಲ್ಲರೂ ಕುಡಿತ ಬಿಟ್ಟವರು, ಇಲ್ಲವೇ ಬಿಡಲು ಹೆಣಗುತ್ತಿರುವವರು. ಊರವರು ಹಾಸ್ಯಕ್ಕೆ 'ಬಿಟ್ಟವರ ಕೂಟ' ಎಂದಿದ್ದರು. ಅದೇ ಹೆಸರು ನಿಂತಿತ್ತು.

"ಇಲ್ಲೇನು ಮಂತ್ರ ಆಕ್ತೀರಾ?" ಎಂದ ಹುಚ್ಚೀರಯ್ಯ.

ಗಾಡಿ ಹೊಡೆಯುವ ಪುಟ್ಟಸ್ವಾಮಿ ನಕ್ಕ. "ಮಂತ್ರ ಇಲ್ಲ, ತಾಯಿತ ಇಲ್ಲ. ಒಬ್ನೇ ಇದ್ರೆ ಸಂಜೆ ಆಯ್ತಿದ್ದಂಗೆ ಕಾಲು ಅಂಗ್ಡಿ ಕಡೆ ಓಯ್ತದೆ. ಅದ್ಕೇ ಇಲ್ಲಿ ಬಂದು ಕೂತ್ಕತೀವಿ. ಕುಡಿಯೋ ಆಸೆ ಆದ್ರೆ ಬಾಯ್ಬುಟ್ಟು ಏಳ್ಕತೀವಿ, ಯಾರೂ ನಗಾಕಿಲ್ಲ. ತಟ್ನೆ ಬುಟ್ಟಾಗ ಕೆಲವ್ರಿಗೆ ಮೈ ಅದುರ್ತದೆ, ಇಲ್ದಿದ್ದೆಲ್ಲ ಕಣ್ಗೆ ಕಾಣ್ತದೆ. ಅಂಗಾದ್ರೆ ತಡ ಮಾಡಾಕಿಲ್ಲ, ಗಾಡಿ ಕಟ್ಟಿ ಆಸ್ಪತ್ರೆಗೆ ಕರ್ಕಂಡೋಯ್ತೀವಿ."

ಹುಚ್ಚೀರಯ್ಯ ದಿನಾ ಸಂಜೆ ಬಂದ. ತಿದಿ ಒತ್ತಿದ. ಕೈ ನಡುಕ ನಿಂತಿತು. ಕುಡಿತ ಬಿಟ್ಟೆನೆಂದು ಪೂರಿಗಾಲಿಗೆ ಹೇಳಿ ಕಳಿಸಿದ. ಮಾರ್ನಮಿಯ ಹಿರಿಯರ ಹಬ್ಬಕ್ಕೆ ಚಿಕ್ಕಲಕ್ಷ್ಮಮ್ಮ ಮಗಳೊಂದಿಗೆ ಬಂದಳು.

ನಮ್ಮ ಅನೇಕ ಮನೆಗಳಲ್ಲಿ ಸತ್ತ ಹಿರಿಯರ ಎಡೆಗೆ ಬಾಡಿನ ಜೊತೆ ಒಂದು ಬಟ್ಟಲು ಹೆಂಡ ಇಡುತ್ತಾರೆ. ಪೂಜೆಯಾದ ಮೇಲೆ ಹಿರಿಮಗ ಮೊದಲ ಗುಟುಕು ಕುಡಿಯಬೇಕು. ತಾಯಿ ದೊಡ್ಡತಾಯಮ್ಮ ಬಟ್ಟಲು ನೀಡಿದಳು.

"ಬ್ಯಾಡ ಕಣವ್ವ."

"ಒಂದ್ ಗುಟುಕು ಕಣ್ಲಾ ಮಗಾ. ಇದು ಕುಡಿತ ಅಲ್ಲ, ಪರಸಾದ. ನಿಮ್ಮಪ್ಪ ಬಂದ್ ಕೂತವ್ನೆ, ಅವ್ನ್ ಮುಂದೆ ಬ್ಯಾಡ ಅಂತೀಯಾ?"

"ಒಂದ್ ಗುಟುಕ್ಗೆ ಯಾರ್ಲಾ ಸತ್ತವ್ರೆ?" ಎಂದ ಚಿಕ್ಕಪ್ಪ ದೇವಯ್ಯ.

ಕುಡಿದ. ಗುಟುಕು ಬಟ್ಟಲಾಯಿತು, ಬಟ್ಟಲು ಗಡಿಗೆಯಾಯಿತು. ಎಡೆಯ ಎಲೆ ತೆಗೆಯುವ ಮೊದಲೇ ಹುಚ್ಚೀರಯ್ಯ ಅಂಗಡಿಯ ಮುಂದೆ ಬಿದ್ದಿದ್ದ. ಚಿಕ್ಕಲಕ್ಷ್ಮಮ್ಮ ಊಟಕ್ಕೂ ಕೂರದೆ ಮಗಳ ಕೈ ಹಿಡಿದು ಪೂರಿಗಾಲಿಗೆ ನಡೆದಳು. ಹೆಂಡದಂಗಡಿಯ ಗುತ್ತಿಗೆದಾರನ ಸುದ್ದಿ ಕೇಳುತ್ತೀರಾ? ಅವನು ಕುಡಿಯುವುದಿಲ್ಲ. ಮಜ್ಜಿಗೆ ಕುಡಿದು ಸುಖವಾಗಿ ಮಲಗುತ್ತಾನೆ.

ಮಾರನೆಯ ಸಂಜೆ ಹುಚ್ಚೀರಯ್ಯ ಹೆಗಲ ವಲ್ಲಿಯನ್ನು ಮುಖಕ್ಕೆ ಮುಚ್ಚಿಕೊಂಡು ಕುಲುಮೆಗೆ ಬಂದ. "ಬಿದ್ದೋದೆ ಕಣಯ್ಯ."

"ನಾನೂ ಬಿದ್ದಿದ್ದೆ. ಎದ್ದು ಇಲ್ಲಿಗೇ ಬಂದ್ಯಲ್ಲ. ತಿದಿ ಒತ್ತು" ಎಂದ ಕರೀಂ.

ಸುದ್ದಿ ಕೇಳಿದ ಪುಟ್ಟಸ್ವಾಮಿಯ ಹೆಂಡತಿ ಹೊಂಬಾಳಮ್ಮ ನೇರವಾಗಿ ದೊಡ್ಡತಾಯಮ್ಮನ ಮನೆಗೆ ಹೋದಳು.

"ಅಕ್ಕಾ, ನಮ್ಮನೆ ಎಡೆಗೆ ಬೆಲ್ಲದ ಪಾನಕ ಇಕ್ಕಿದ್ದೆ."

"ಅಯ್ಯೋ! ಹಿರೀಕ್ರು ಸುಮ್ಕೆ ಬುಡ್ತಾರಾ?"

"ಸತ್ತೋರು ಸುಮ್ಕಿದ್ರು. ಕುಣಿದಾಡ್ದೋರು ಬದುಕಿರೋರೇ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಯಜಮಾನ್ರು ಎಂಗೆ ಸತ್ರು?"

ದೊಡ್ಡತಾಯಮ್ಮನ ಗಂಡ ಕುಡಿದು ಕುಡಿದು, ಹೊಟ್ಟೆ ಊದಿ, ರಕ್ತ ಕಾರಿ ಸತ್ತದ್ದು ಊರಿಗೇ ಗೊತ್ತು.

"ಅವ್ರನ್ನ ಕೊಂದಿದ್ದನ್ನೇ ವರ್ಸ ವರ್ಸ ಅವ್ರ ಮುಂದೆ ಇಕ್ತೀರಲ್ಲಕ್ಕಾ. ಈಗ ಮಗನ್ನೂ ಅಲ್ಲಿಗೇ ಕಳಿಸ್ಬೇಕಾ?"

ಹುಚ್ಚೀರಯ್ಯ ವರ್ಷವಿಡೀ ಸಂಜೆಯ ಕುಲುಮೆ ತಪ್ಪಿಸಲಿಲ್ಲ. ಮುಂದಿನ ಮಾರ್ನಮಿಗೆ ದೊಡ್ಡತಾಯಮ್ಮ ಎಡೆಗೆ ಪಾನಕ ಇಟ್ಟಳು. ಚಿಕ್ಕಲಕ್ಷ್ಮಮ್ಮನೂ ಬಂದಳು, ಆದರೆ ಬಟ್ಟೆಗಂಟನ್ನು ಕಂಕುಳಿಂದ ಇಳಿಸದೆ ಹೊಸಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ದೇವಯ್ಯ ತನ್ನದೇ ಹೆಂಡದ ಗಡಿಗೆ ಹೊತ್ತು ಬಂದು, ಕೂತ ನೆಂಟರ ಮುಂದೆ ಕೂಗಿದ.

"ಪಾನಕ ಕುಡಿಯೋ ಗಂಡ್ಸನ್ನ ನೋಡ್ರಲಾ! ಸಾಬ್ರ ತಿದಿ ಒತ್ತಿ ಕುಲಾನೇ ಕಳ್ಕಂಡ! ನಮ್ಮಣ್ಣಂಗೇ ಉಟ್ಟಿದ್ರೆ ಇದ್ನ ಎತ್ತಲಾ!"

"ನಿಮ್ಮಣ್ಣ ಸತ್ತ ಆಸ್ಗೆ ತೊಳೆದೋಳು ನಾನು" ಎಂದಳು ದೊಡ್ಡತಾಯಮ್ಮ. "ಆ ಗಡಿಗೆ ಎತ್ಕಂಡು ಓಗಯ್ಯ."

ನೆಂಟರಲ್ಲಿ ಅರ್ಧ ಜನ ಗಡಿಗೆಯ ಕಡೆಗೇ ಸರಿದರು. ನಮ್ಮ ಜನ!

ಓದುವ ಅಣ್ಣಂದಿರೇ, ಓದಿಸಿ ಕೇಳುವ ಅವ್ವಂದಿರೇ, ಬಿಡಬೇಕೆಂದಿರುವವನ ಬಾಯಿಗೆ ನೀವೇ ಬಟ್ಟಲು ಹಿಡಿಯಬೇಡಿ. ದೇವರ ಹೆಸರಲ್ಲೂ ಬೇಡ, ಸತ್ತವರ ಹೆಸರಲ್ಲೂ ಬೇಡ. ನಿಮ್ಮ ಊರ ಸುತ್ತ ಕುಡಿತ ಬಿಟ್ಟವರು ಎಲ್ಲಿ ಕೂರುತ್ತಾರೆ, ಕೇಳಿ. ಮೋರಿಯಲ್ಲಿ ಬೀಳಲು ಇಲ್ಲದ ನಾಚಿಕೆ ಕೇಳಲು ಯಾಕೆ? ಎಲ್ಲೂ ಇಲ್ಲವೇ, ಬಿಟ್ಟ ಇಬ್ಬರು ಸೇರಿ ಒಂದು ಜಗಲಿ ಹಿಡಿಯಿರಿ. ಬಿದ್ದವನು ಮತ್ತೆ ಬಂದರೆ ಬಾಗಿಲು ಹಾಕಬೇಡಿ.

ಚಿಕ್ಕಪ್ಪನಿಗೆ ಹುಚ್ಚೀರಯ್ಯ ಏನೆಂದ ಅನ್ನುತ್ತೀರಾ? ಹೊತ್ತು ಇಳಿಯುತ್ತಿತ್ತು. ಕುಲುಮೆಯಲ್ಲಿ ಬೆಂಕಿ ಹಾಕುವ ವೇಳೆ. ಅವನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ಚಾಚಿದ ಗಡಿಗೆಯ ಪಕ್ಕದಲ್ಲೇ ಹಾದು ಬೀದಿಗಿಳಿದು ನಡೆದುಬಿಟ್ಟ. ಅವನ ಹಿಂದೆ, ಹೊಸಿಲಲ್ಲಿ, ಚಿಕ್ಕಲಕ್ಷ್ಮಮ್ಮ ಗಂಟು ಇಳಿಸಿದಳು.